ಸೀಟು ಬಿಟ್ಟವರು, ಸೀಟು ಉಳಿಸಿಕೊಂಡವರು: ಮ್ಯಾಂಚೆಸ್ಟರ್‌ನ 2005ರ ಬೇಸಿಗೆ

ಮ್ಯಾಂಚೆಸ್ಟರ್ ಯುನೈಟೆಡ್‌ನ ಕೆಂಪು ಜೆರ್ಸಿ ನಮ್ಮ ಹಳ್ಳಿಗಳಿಗೂ ಹೊಸದಲ್ಲ. ಸಂತೆಯಲ್ಲಿ ರಾಶಿ ಹಾಕಿ ಮಾರುವ ಟೀ ಶರ್ಟುಗಳಲ್ಲಿ ಅದೂ ಒಂದು. ಅದನ್ನು ಹಾಕಿಕೊಂಡು ಟ್ರ್ಯಾಕ್ಟರ್ ಓಡಿಸುವ ಹುಡುಗರನ್ನು ನೀವೂ ನೋಡಿರುತ್ತೀರಿ. ಆ ಜೆರ್ಸಿ ಹುಟ್ಟಿದ ಊರಿನಲ್ಲಿ 2005ರ ಮೇ, ಜೂನ್ ತಿಂಗಳಲ್ಲಿ ಮನೆಮನೆಯಲ್ಲೂ ಒಂದೇ ಜಗಳ ನಡೆದಿತ್ತು. ಮುಂದಿನ ವರ್ಷದ ಸೀಸನ್ ಟಿಕೆಟ್‌ಗೆ ದುಡ್ಡು ಕಟ್ಟುವುದೋ, ಬೇಡವೋ?

ಇದರಲ್ಲಿ ಜಗಳ ಆಡುವಂಥದ್ದೇನಿದೆ ಎಂದು ಮೊದಲು ನಮಗೂ ಅನಿಸಿತು. ಓದುತ್ತಾ ಹೋದಂತೆ ಇದು ಬರೀ ಆಟದ ಕಥೆಯಲ್ಲ, ಊರಿನ ಸ್ವತ್ತು ಯಾರದ್ದು ಎನ್ನುವ ಕಥೆ ಎಂದು ಕಂಡಿತು. ಅದಕ್ಕೇ ಬರೆಯುತ್ತಿದ್ದೇವೆ.

ಮೊದಲು ಸೀಸನ್ ಟಿಕೆಟ್ ಅಂದರೆ ಏನು ನೋಡೋಣ. ಕಾಲೇಜಿಗೆ ಹೋಗುವವರ ಬಸ್ ಪಾಸ್ ಇದ್ದ ಹಾಗೆ. ಒಮ್ಮೆ ದುಡ್ಡು ಕಟ್ಟಿದರೆ ಆಗಸ್ಟ್‌ನಿಂದ ಮೇ ತನಕ ತವರು ಮೈದಾನದಲ್ಲಿ ನಡೆಯುವ 19 ಲೀಗ್ ಪಂದ್ಯಗಳನ್ನೂ ನೋಡಬಹುದು. ಬಸ್ ಪಾಸಿನಲ್ಲಿ ಸೀಟು ಸಿಗುವ ಖಾತ್ರಿ ಇಲ್ಲ, ಇದರಲ್ಲಿ ಇದೆ. ಅದೂ ಪ್ರತಿ ವಾರ ಅದೇ ಸೀಟು. ಪಕ್ಕದಲ್ಲಿ ಅದೇ ಮನುಷ್ಯ, ಹಿಂದಿನ ಸಾಲಿನಲ್ಲಿ ಅದೇ ಗೊಣಗುವ ಮುದುಕ. ಇಪ್ಪತ್ತು ಮೂವತ್ತು ವರ್ಷ ಒಂದೇ ಜಾಗದಲ್ಲಿ ಕೂತವರು, ಅಪ್ಪನ ಪಕ್ಕದ ಸೀಟಿನಲ್ಲಿ ಕೂತು ಬೆಳೆದವರು ಅಲ್ಲಿ ಬಹಳ. ಪ್ರತಿ ಬೇಸಿಗೆಯಲ್ಲೂ ಕ್ಲಬ್ಬಿನಿಂದ ಕಾಗದ ಬರುತ್ತದೆ: ಇಷ್ಟು ತಾರೀಖಿನೊಳಗೆ ನವೀಕರಿಸಿ. ನವೀಕರಿಸದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತದೆ. ಮತ್ತೆ ಬೇಕೆಂದರೆ ಸಾಲಿನ ಕೊನೆಯಲ್ಲಿ ನಿಲ್ಲಬೇಕು.

ಬಿಡುವುದು ಸುಲಭ, ತಿರುಗಿ ಬರುವುದು ಕಷ್ಟ. ಈ ಒಂದು ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಈ ಕ್ಲಬ್ ಹುಟ್ಟಿದ್ದು 1878ರಲ್ಲಿ. ಕಟ್ಟಿದವರು ನ್ಯೂಟನ್ ಹೀತ್ ಎಂಬಲ್ಲಿ ರೈಲು ಬೋಗಿ ಕಟ್ಟುವ, ರಿಪೇರಿ ಮಾಡುವ ಕಾರ್ಮಿಕರು. ಅಂಗಿಯ ಬಣ್ಣ ಹಸಿರು ಮತ್ತು ಹಳದಿ. 1902ರಲ್ಲಿ ಸಾಲದಲ್ಲಿ ಮುಳುಗಿ ಮುಚ್ಚುವ ಸ್ಥಿತಿಗೆ ಬಂದಾಗ ಬಿಯರ್ ತಯಾರಿಸುವ ಸಾಹುಕಾರ ಜಾನ್ ಹೆನ್ರಿ ಡೇವಿಸ್ ಕೈಹಿಡಿದ. ಆಗಲೇ ಮ್ಯಾಂಚೆಸ್ಟರ್ ಯುನೈಟೆಡ್ ಎಂಬ ಹೆಸರು, ಕೆಂಪು ಬಣ್ಣ ಎರಡೂ ಬಂದವು. ಓಲ್ಡ್ ಟ್ರಾಫರ್ಡ್ ಮೈದಾನ ಶುರುವಾದದ್ದು 1910ರಲ್ಲಿ. 1958ರ ಫೆಬ್ರುವರಿ 6ರಂದು ಮ್ಯೂನಿಕ್‌ನಲ್ಲಿ ವಿಮಾನ ಅಪಘಾತವಾಗಿ 23 ಜನ ಸತ್ತರು. ಅವರಲ್ಲಿ ಎಂಟು ಜನ ಆಟಗಾರರು, ಬಹುತೇಕ ಎಳೆ ಹುಡುಗರು. ಆ ಸಾವಿನ ನಂತರ ಊರಿಗೂ ತಂಡಕ್ಕೂ ನಡುವೆ ಇದ್ದ ನಂಟು ಆಟವನ್ನು ಮೀರಿದ್ದಾಯಿತು. 1974ರಲ್ಲಿ ತಂಡ ಸೋತು ಸೋತು ಎರಡನೇ ದರ್ಜೆಗೆ ಇಳಿಯಿತು. ಜನ ಬರುವುದು ಬಿಟ್ಟರೇ? ಇಲ್ಲ. ಆ ವರ್ಷ ಇಡೀ ಇಂಗ್ಲೆಂಡಿನಲ್ಲಿ ಅತಿ ಹೆಚ್ಚು ಜನ ಸೇರಿದ್ದು ಈ ಎರಡನೇ ದರ್ಜೆಯ ತಂಡದ ಮೈದಾನದಲ್ಲಿ. ಪಂದ್ಯಕ್ಕೆ ಸರಾಸರಿ 48,000 ಮಂದಿ.

ಅಂಥ ಜನ ಟಿಕೆಟ್ ಬೇಡ ಎನ್ನುವ ಹಂತಕ್ಕೆ ಬಂದದ್ದು ಹೇಗೆ?

ಅದಕ್ಕೆ 1989ಕ್ಕೆ ಹೋಗಬೇಕು. ಏಪ್ರಿಲ್ 15ರಂದು ಶೆಫೀಲ್ಡ್ ನಗರದ ಹಿಲ್ಸ್‌ಬರೋ ಮೈದಾನದಲ್ಲಿ ಲಿವರ್‌ಪೂಲ್ ಅಭಿಮಾನಿಗಳು ಬೇಲಿ ಹಾಕಿದ ನಿಲ್ಲುವ ಜಾಗದಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ನಲುಗಿದರು. ವರ್ಷಗಳ ಕಾಲ ಹಾಸಿಗೆ ಹಿಡಿದು ಆಮೇಲೆ ತೀರಿಕೊಂಡವರನ್ನೂ ಸೇರಿಸಿದರೆ ಸತ್ತವರು 97. ನ್ಯಾಯಮೂರ್ತಿ ಟೇಲರ್ ತನಿಖೆ ನಡೆಸಿ 1990ರಲ್ಲಿ ವರದಿ ಕೊಟ್ಟರು. ದೊಡ್ಡ ಮೈದಾನಗಳಲ್ಲಿ ನಿಲ್ಲುವ ಜಾಗ ತೆಗೆದು ಎಲ್ಲರಿಗೂ ಸೀಟು ಹಾಕಬೇಕು ಎಂದರು. ಜೊತೆಗೆ, ನಿಂತು ನೋಡುತ್ತಿದ್ದ ಬಡವರ ಜೇಬಿಗೆ ಹೊಂದುವ ಹಾಗೆ ಸೀಟಿನ ದರ ಇಡಲು ಸಾಧ್ಯವಿದೆ ಎಂದೂ ಬರೆದರು. ಗ್ಲಾಸ್ಗೋದ ಐಬ್ರಾಕ್ಸ್ ಮೈದಾನದಲ್ಲಿ ಸೀಟಿಗೆ 6 ಪೌಂಡ್ ಇದೆಯಲ್ಲ ಎಂದು ಉದಾಹರಣೆಯನ್ನೂ ಕೊಟ್ಟರು.

ಕ್ಲಬ್ಬುಗಳು ಮೊದಲನೆಯ ಮಾತು ಕೇಳಿದವು. ಎರಡನೆಯದು ಕೇಳಿಸಲೇ ಇಲ್ಲ.

1989-90ರಲ್ಲಿ ಓಲ್ಡ್ ಟ್ರಾಫರ್ಡ್‌ನ ಅತಿ ಅಗ್ಗದ ಸೀಸನ್ ಟಿಕೆಟ್ 96 ಪೌಂಡ್ ಇತ್ತು. 2011ರ ಹೊತ್ತಿಗೆ 532 ಪೌಂಡ್. ಲಿವರ್‌ಪೂಲ್‌ನಲ್ಲಿ 60 ಪೌಂಡ್ ಇದ್ದದ್ದು 725 ಆಯಿತು, ಅಂದರೆ ಹನ್ನೆರಡು ಪಟ್ಟು. ಹೊಸ ಸೀಟಿನ ಖರ್ಚು ಎನ್ನಿ, ಬೆಲೆ ಏರಿಕೆ ಎನ್ನಿ, ಯಾವ ಲೆಕ್ಕಕ್ಕೂ ಇದು ಸಿಗುವುದಿಲ್ಲ. 1992ರಲ್ಲಿ ಪ್ರೀಮಿಯರ್ ಲೀಗ್ ಶುರುವಾಯಿತು, ಟಿವಿ ಕಂಪನಿಗಳ ದುಡ್ಡು ಹೊಳೆಯಾಗಿ ಹರಿಯಿತು. ದುಡ್ಡು ಬಂದ ಮೇಲಾದರೂ ಟಿಕೆಟ್ ದರ ಇಳಿಯಬೇಕಿತ್ತು ಎಂದು ನಾವು ನೀವು ಅಂದುಕೊಳ್ಳುತ್ತೇವೆ. ಆಟಗಾರರ ಸಂಬಳ ಏರಿತು, ಟಿಕೆಟ್ ದರವೂ ಏರಿತು.

ಯುನೈಟೆಡ್ 1991ರಲ್ಲೇ ಷೇರು ಮಾರುಕಟ್ಟೆಗೆ ಹೋಗಿತ್ತು. ಷೇರು ಮಾರುಕಟ್ಟೆಗೆ ಹೋದ ಮೇಲೆ ದುಡ್ಡಿದ್ದವರು ಯಾರು ಬೇಕಾದರೂ ಕೊಳ್ಳಬಹುದು. 1998ರಲ್ಲಿ ರೂಪರ್ಟ್ ಮರ್ಡಾಕ್ ಅವರ ಟಿವಿ ಕಂಪನಿ ಬಿಸ್ಕೈಬಿ 62 ಕೋಟಿ 30 ಲಕ್ಷ ಪೌಂಡಿಗೆ ಕ್ಲಬ್ ಕೇಳಿತು. ಆಡಳಿತ ಮಂಡಳಿ ಒಪ್ಪಿತು. ಅಭಿಮಾನಿಗಳು ಒಪ್ಪಲಿಲ್ಲ. ಸಂಘ ಕಟ್ಟಿದರು, ಪತ್ರ ಬರೆದರು, ಸಂಸದರ ಬೆನ್ನು ಹತ್ತಿದರು, ತಮ್ಮ ಪುಡಿ ಷೇರುಗಳನ್ನು ಒಟ್ಟುಗೂಡಿಸಿದರು. ಆಟವನ್ನು ತೋರಿಸುವ ಕಂಪನಿಯೇ ತಂಡವನ್ನೂ ಕೊಂಡರೆ ಪೈಪೋಟಿ ಎಲ್ಲಿ ಉಳಿಯುತ್ತದೆ ಎಂಬುದು ಅವರ ವಾದ. 1999ರ ಏಪ್ರಿಲ್‌ನಲ್ಲಿ ಸರ್ಕಾರ ವ್ಯಾಪಾರವನ್ನು ತಡೆಯಿತು. ಜನ ಗೆದ್ದರು. ಮರು ತಿಂಗಳೇ ತಂಡ ಬಾರ್ಸಿಲೋನಾದಲ್ಲಿ ಯುರೋಪ್ ಕಪ್ಪನ್ನೂ ಗೆದ್ದಿತು.

ಆರು ವರ್ಷದ ನಂತರ ಅದೇ ಜನ ಸೋತರು.

ಅಮೆರಿಕದ ಫ್ಲೋರಿಡಾದ ಉದ್ಯಮಿ ಮಾಲ್ಕಂ ಗ್ಲೇಜರ್ ಸದ್ದಿಲ್ಲದೆ ಷೇರು ಕೊಳ್ಳುತ್ತಾ ಬಂದಿದ್ದರು. 2005ರ ಮೇ 12ರಂದು ಐರ್ಲೆಂಡಿನ ಇಬ್ಬರು ದೊಡ್ಡ ಷೇರುದಾರರು ತಮ್ಮ ಪಾಲನ್ನು ಅವರಿಗೆ ಮಾರಿದರು. ಅರ್ಧಕ್ಕಿಂತ ಹೆಚ್ಚು ಕ್ಲಬ್ ಅವರದ್ದಾಯಿತು. ಕೆಲವೇ ದಿನಗಳಲ್ಲಿ ಮುಕ್ಕಾಲು ಪಾಲು ದಾಟಿತು. ಕೊನೆಗೆ, ಮಾರುವುದಿಲ್ಲ ಎಂದು ಹಠ ಹಿಡಿದಿದ್ದ ಸಣ್ಣ ಷೇರುದಾರರ ಷೇರುಗಳನ್ನೂ ಕಾನೂನಿನ ಪ್ರಕಾರ ಕಡ್ಡಾಯವಾಗಿ ಕೊಂಡರು. ಅಜ್ಜ ಬಿಟ್ಟುಹೋದ ಷೇರು ಪತ್ರವನ್ನು ಕಟ್ಟು ಹಾಕಿಸಿ ಗೋಡೆಗೆ ನೇತು ಹಾಕಿದ್ದರೂ ಅದು ಇನ್ನು ಬರೀ ಕಾಗದ.

ಕ್ಲಬ್ಬಿಗೆ ಕಟ್ಟಿದ ಬೆಲೆ ಸುಮಾರು 79 ಕೋಟಿ ಪೌಂಡ್. ಆಗ ಒಂದು ಪೌಂಡಿಗೆ 80 ರೂಪಾಯಿ ಆಸುಪಾಸು, ಅಂದರೆ ಆರು ಸಾವಿರ ಕೋಟಿ ರೂಪಾಯಿಗೂ ಮೇಲೆ. ಈ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಸಾಲ. ಆ ಸಾಲದ ದೊಡ್ಡ ಭಾಗಕ್ಕೆ ಅಡವು ಇಟ್ಟದ್ದು ಕೊಂಡವರ ಮನೆಯನ್ನಲ್ಲ, ಕ್ಲಬ್ಬಿನ ಆಸ್ತಿಯನ್ನೇ!

ಹಳ್ಳಿಯ ಲೆಕ್ಕದಲ್ಲಿ ಹೇಳುತ್ತೇವೆ. ನಿಮ್ಮ ಊರಿನಲ್ಲಿ ಸಾಲವಿಲ್ಲದ ಒಂದು ಒಳ್ಳೆಯ ತೋಟ ಇದೆ ಅಂದುಕೊಳ್ಳಿ. ಹೊರಗಿನವನೊಬ್ಬ ಬರುತ್ತಾನೆ, ಅದೇ ತೋಟದ ಪಹಣಿ ಬ್ಯಾಂಕಿನಲ್ಲಿಟ್ಟು ಸಾಲ ಎತ್ತುತ್ತಾನೆ, ಆ ಸಾಲದಿಂದ ಅದೇ ತೋಟವನ್ನು ಕೊಳ್ಳುತ್ತಾನೆ. ಸಾಲದ ಕಂತು ಕಟ್ಟುವುದು ತೋಟದ ಅಡಿಕೆಯಿಂದ. ತೋಟ ನೋಡಿಕೊಂಡು ಬಂದ ಜನರಿಗೆ ಕೂಲಿಯೂ ಇಲ್ಲ, ಮಾತೂ ಇಲ್ಲ. ಹಣಕಾಸಿನವರು ಇದಕ್ಕೆ ದೊಡ್ಡ ಹೆಸರು ಇಟ್ಟಿದ್ದಾರೆ, ಕಾನೂನು ಪ್ರಕಾರ ತಪ್ಪೂ ಅಲ್ಲ. ಆದರೆ ಸೀಸನ್ ಟಿಕೆಟ್ ಕೊಳ್ಳುವವನಿಗೆ ಅರ್ಥವಾದದ್ದು ಇಷ್ಟೇ: ಇನ್ನು ಮೇಲೆ ನಾನು ಕಟ್ಟುವ ದುಡ್ಡು ಬಡ್ಡಿಗೆ ಹೋಗುತ್ತದೆ.

ಮೇ 21ರ ಕಪ್ ಫೈನಲ್‌ಗೆ ಅನೇಕರು ಕೆಂಪು ಬಿಟ್ಟು ಕಪ್ಪು ಬಟ್ಟೆ ಹಾಕಿಕೊಂಡು ಬಂದರು. ಜೂನ್ ಕೊನೆಯಲ್ಲಿ ಗ್ಲೇಜರ್ ಅವರ ಮಕ್ಕಳು ಮೈದಾನ ನೋಡಲು ಬಂದಾಗ ಹೊರಗೆ ಎಷ್ಟು ಗಲಾಟೆ ಎದ್ದಿತೆಂದರೆ, ಅವರನ್ನು ಪೊಲೀಸ್ ವ್ಯಾನಿನಲ್ಲಿ ಕೂರಿಸಿ ಸಾಗಿಸಬೇಕಾಯಿತು. ಇದೆಲ್ಲ ಪೇಪರಿನಲ್ಲಿ ಬಂತು. ನಿಜವಾದ ಸಂಕಟ ಇದ್ದದ್ದು ಅಡುಗೆಮನೆಯ ಮೇಜಿನ ಮೇಲಿದ್ದ ನವೀಕರಣದ ಕಾಗದದಲ್ಲಿ.

ಎರಡೂ ಕಡೆಯ ವಾದದಲ್ಲಿ ತೂಕ ಇತ್ತು.

ಕಟ್ಟಬೇಡಿ ಎಂದವರು ಹೇಳಿದ್ದು ಸರಳ. ಸಾಲ ತೀರುವುದು ನಮ್ಮ ದುಡ್ಡಿನಿಂದ. ನಾವು ಕೊಡದಿದ್ದರೆ ಲೆಕ್ಕ ಕೆಡುತ್ತದೆ, ಕೊಂಡವರು ಬಿಟ್ಟು ಹೋಗುತ್ತಾರೆ. ಬೈದುಕೊಂಡು ದುಡ್ಡು ಕಟ್ಟುವುದು ಪ್ರತಿಭಟನೆ ಅಲ್ಲ, ಅದೂ ವ್ಯಾಪಾರವೇ.

ಕಟ್ಟುತ್ತೇವೆ ಎಂದವರಿಗೆ ಬೇರೆ ಮಾತಿತ್ತು. ಮಾಲೀಕರು ಬರುತ್ತಾರೆ, ಹೋಗುತ್ತಾರೆ, ಕ್ಲಬ್ ನಮ್ಮದು. ನಾನು ಸೀಟು ಬಿಟ್ಟರೆ ನಾಳೆಯೇ ಇನ್ನೊಬ್ಬ ಕೂರುತ್ತಾನೆ, ಮಾಲೀಕನಿಗೆ ಒಂದು ಪೈಸೆ ನಷ್ಟವಿಲ್ಲ. ನಷ್ಟ ನನಗೆ, ನನ್ನ ಮಗನಿಗೆ. ಅಪ್ಪನ ಜೊತೆ ಶನಿವಾರ ಕಳೆಯುವ ಜಾಗ ಅದೊಂದೇ. ಅಪ್ಪನಿಗೆ ಎಪ್ಪತ್ತೈದು ಆಯಿತು, ಅವನಿಗೆ ಹೋಗಬೇಡ ಅನ್ನಲೇ?

ಸತ್ಯ ಏನೆಂದರೆ ಇಬ್ಬರೂ ಹೇಳಿದ್ದು ಸರಿಯಾಗಿತ್ತು. ಎಲ್ಲರೂ ಒಟ್ಟಿಗೆ ಬಿಟ್ಟರೆ ಮಾತ್ರ ಬಿಟ್ಟದ್ದಕ್ಕೆ ಬೆಲೆ. ಒಬ್ಬೊಬ್ಬರೇ ಬಿಟ್ಟರೆ ಬಿಟ್ಟವನಿಗೆ ಮಾತ್ರ ಪೆಟ್ಟು. ಎಲ್ಲರೂ ಬಿಡುತ್ತಾರೆ ಎಂಬ ನಂಬಿಕೆ ಯಾರಿಗೂ ಇಲ್ಲದಿದ್ದರೆ ಯಾರೂ ಬಿಡುವುದಿಲ್ಲ. ಕಬ್ಬಿಗೆ ಬೆಲೆ ನಿಗದಿಯಾಗುವ ತನಕ ಕಾರ್ಖಾನೆಗೆ ಕಬ್ಬು ಕಳಿಸುವುದಿಲ್ಲ ಎಂದು ತೀರ್ಮಾನ ಮಾಡಿದ ಊರುಗಳಲ್ಲಿ ರಾತ್ರೋರಾತ್ರಿ ಒಂದು ಲೋಡು ಹೊರಟದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸೀಟು ಬಿಟ್ಟವರು ಮನೆಯಲ್ಲಿ ಕೂರಲಿಲ್ಲ. ಮ್ಯಾಂಚೆಸ್ಟರ್‌ನಲ್ಲಿ ರಷೋಮ್ ಎಂಬ ಬಡಾವಣೆ ಇದೆ. ನಮ್ಮ ಉಪಖಂಡದ ಜನರ ಹೋಟೆಲುಗಳು ಸಾಲುಸಾಲಾಗಿರುವ ಜಾಗ. ಅಲ್ಲಿನ ಒಂದು ಕರಿ ಹೋಟೆಲಿನಲ್ಲಿ ಕೂತ ಕೆಲವರು, ನಮ್ಮದೇ ಒಂದು ಕ್ಲಬ್ ಯಾಕೆ ಕಟ್ಟಬಾರದು ಎಂದು ಮಾತಾಡಿದರು. ಮೇ 30ರಂದು ಅಪೋಲೋ ಥಿಯೇಟರಿನಲ್ಲಿ ದೊಡ್ಡ ಸಭೆ ಸೇರಿತು. ಹೆಸರಿಗೂ ಮತದಾನ ನಡೆಯಿತು. ಗೆದ್ದ ಹೆಸರು ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್. ಆಟಗಾರರಿಗೆ ಕರೆ ಕೊಟ್ಟರು, ನೂರಾರು ಹುಡುಗರು ಅರ್ಜಿ ಹಾಕಿದರು. ಜುಲೈ 16ರಂದು ಲೀ ಎಂಬ ಊರಿನಲ್ಲಿ ಮೊದಲ ಸ್ನೇಹಪಂದ್ಯ ಆಯಿತು. ಗೋಲೇ ಇಲ್ಲ, 0-0. ನೋಡಲು ಬಂದವರು 2,552 ಮಂದಿ. ಪಂದ್ಯ ಮುಗಿದ ಕೂಡಲೇ ಕಪ್ ಗೆದ್ದವರ ಹಾಗೆ ಮೈದಾನಕ್ಕೆ ನುಗ್ಗಿ ಆಟಗಾರರನ್ನು ಹೆಗಲ ಮೇಲೆ ಹೊತ್ತರು.

ತಂಡ ಶುರು ಮಾಡಿದ್ದು ಇಂಗ್ಲೆಂಡಿನ ಹತ್ತನೇ ಮೆಟ್ಟಿಲಿನಿಂದ. ಅಲ್ಲಿ ಒಂದು ಪಂದ್ಯಕ್ಕೆ ನೂರು ಜನ ಬಂದರೆ ಹೆಚ್ಚು. ಇವರಿಗೆ ಸರಾಸರಿ ಮೂರು ಸಾವಿರ ಬಂದರು. 2006ರ ಏಪ್ರಿಲ್‌ನ ಒಂದು ಪಂದ್ಯಕ್ಕೆ 6,023. ಸ್ವಂತ ಮೈದಾನವಿಲ್ಲದೆ ನೆರೆಯ ಬೆರಿ ಊರಿನ ಗಿಗ್ ಲೇನ್ ಮೈದಾನವನ್ನು ಬಾಡಿಗೆಗೆ ಹಿಡಿದಿದ್ದರು. ಸತತ ಮೂರು ವರ್ಷ ಮೇಲಿನ ದರ್ಜೆಗೆ ಏರಿದರು.

ಈಗ ನಮಗೆ ಬಹಳ ಇಷ್ಟವಾದ ಭಾಗ. ಈ ಕ್ಲಬ್ ಕಂಪನಿ ಅಲ್ಲ, ಸಹಕಾರಿ ಸಂಘ. ಎಷ್ಟೇ ಹಣ ಕೊಟ್ಟಿರಲಿ, ಒಬ್ಬ ಸದಸ್ಯನಿಗೆ ಒಂದೇ ಮತ. ಆಡಳಿತ ಮಂಡಳಿಗೆ ಚುನಾವಣೆ. ಟಿಕೆಟ್ ದರ ಸದಸ್ಯರ ಸಭೆಯಲ್ಲಿ ತೀರ್ಮಾನ. ಅಂಗಿಯ ಮೇಲೆ ಜಾಹೀರಾತು ಬೇಡ ಎಂದು ನಿಯಮ. ನಿಮ್ಮ ಊರಿನ ಹಾಲಿನ ಡೇರಿ ನಡೆಯುವುದೂ ಇದೇ ತತ್ವದ ಮೇಲೆ. ಹತ್ತು ಎಮ್ಮೆ ಇದ್ದವರಿಗೂ ಒಂದು ಹಸು ಇದ್ದವರಿಗೂ ಒಂದೊಂದೇ ಮತ.

ಈ ಹೋಲಿಕೆ ನಾವು ಎಳೆದು ತಂದದ್ದಲ್ಲ, ಬೇರು ಒಂದೇ. ಮ್ಯಾಂಚೆಸ್ಟರ್ ಪಕ್ಕದ ರಾಚ್‌ಡೇಲ್ ಎಂಬ ನೇಕಾರರ ಊರಿನಲ್ಲಿ 1844ರಲ್ಲಿ ಕೆಲವು ಕೂಲಿಕಾರರು ಹಣ ಕೂಡಿಸಿ ಹಿಟ್ಟು, ಬೆಣ್ಣೆ, ಸಕ್ಕರೆ ಮಾರುವ ಅಂಗಡಿ ತೆರೆದರು. ಅವರು ಬರೆದುಕೊಂಡ ನಿಯಮಗಳೇ ಜಗತ್ತಿನ ಸಹಕಾರಿ ಸಂಘಗಳಿಗೆ ಮಾದರಿಯಾದವು. ಆ ಗಾಳಿ ಬೀಸುತ್ತಾ ಬೀಸುತ್ತಾ ಗದಗ ಜಿಲ್ಲೆಯ ಕಣಗಿನಹಾಳಕ್ಕೂ ಬಂತು. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಅಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ಭಾರತದ ಸಹಕಾರಿ ಚಳವಳಿ ಶುರುವಾದದ್ದು ಅಲ್ಲಿಂದ ಎನ್ನುತ್ತಾರೆ. ಬಡ್ಡಿ ಸಾಹುಕಾರನ ಕೈಯಿಂದ ಹೊಲ ಬಿಡಿಸಿಕೊಳ್ಳಲು ಕಣಗಿನಹಾಳದವರು ಸಂಘ ಕಟ್ಟಿದ ಸರಿಯಾಗಿ ನೂರು ವರ್ಷಕ್ಕೆ, ಸಾಲದ ದುಡ್ಡಿನಿಂದ ಕ್ಲಬ್ ಕಳೆದುಕೊಂಡವರು ಮ್ಯಾಂಚೆಸ್ಟರ್‌ನಲ್ಲಿ ಸಂಘ ಕಟ್ಟಿದರು.

2009ರಲ್ಲಿ ಎಫ್‌ಸಿ ಯುನೈಟೆಡ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಸೀಸನ್ ಟಿಕೆಟ್‌ಗೆ ಎಷ್ಟು ಕೊಡಬೇಕೆಂದು ನೀವೇ ತೀರ್ಮಾನಿಸಿ, 90 ಪೌಂಡಿಗೆ ಕಡಿಮೆ ಇಲ್ಲದಿದ್ದರೆ ಸಾಕು ಎಂದಿತು. ಇಪ್ಪತ್ತು ವರ್ಷದ ಹಿಂದೆ ಓಲ್ಡ್ ಟ್ರಾಫರ್ಡ್‌ನ ಅಗ್ಗದ ಟಿಕೆಟ್ 96 ಪೌಂಡ್ ಇತ್ತು ಎಂದೆವಲ್ಲ. ಟೇಲರ್ ಸಾಹೇಬರ ಎರಡನೇ ಮಾತು ಕೊನೆಗೂ ಯಾರದೋ ಕಿವಿಗೆ ಬಿದ್ದಿತ್ತು.

ಹಾಗಂತ ಬಿಟ್ಟವರ ಕಥೆ ಸಿಹಿಯೇ ಎನ್ನಬೇಡಿ. ಅವರು ಕಳೆದುಕೊಂಡದ್ದು ಸಣ್ಣದಲ್ಲ. ಅವರು ಸೀಟು ಬಿಟ್ಟ ಮೇಲೆ ಓಲ್ಡ್ ಟ್ರಾಫರ್ಡ್‌ನಲ್ಲಿ ರೊನಾಲ್ಡೊ, ರೂನಿ ಅರಳಿದರು. 2007, 2008, 2009 ಮೂರೂ ವರ್ಷ ಲೀಗ್ ಗೆದ್ದರು, 2008ರಲ್ಲಿ ಮಾಸ್ಕೋದಲ್ಲಿ ಯುರೋಪ್ ಕಪ್ ಗೆದ್ದರು. ಬದುಕಿನಲ್ಲಿ ಇನ್ನೊಮ್ಮೆ ಕಾಣಸಿಗದ ತಂಡ. ಅದೇ ಹೊತ್ತಿನಲ್ಲಿ ಇವರು ಮಳೆಯಲ್ಲಿ ನೆನೆಯುತ್ತಾ ಹತ್ತನೇ ದರ್ಜೆ, ಒಂಬತ್ತನೇ ದರ್ಜೆಯ ಆಟ ನೋಡುತ್ತಿದ್ದರು. ಅಣ್ಣ ಒಂದು ಮೈದಾನಕ್ಕೆ, ತಮ್ಮ ಇನ್ನೊಂದಕ್ಕೆ. ಹೋಟೆಲಿನಲ್ಲಿ ಎದುರಾದರೆ ಒಬ್ಬರು ಇನ್ನೊಬ್ಬರಿಗೆ ದ್ರೋಹಿ. ಕೆನ್ ಲೋಚ್ ಅವರ 2009ರ 'ಲುಕಿಂಗ್ ಫಾರ್ ಎರಿಕ್' ಸಿನಿಮಾದಲ್ಲಿ ಇಂಥದ್ದೇ ಒಂದು ಜಗಳ ಬರುತ್ತದೆ. ಎರಡೂ ಕಡೆ ಕಾಲಿಟ್ಟವರೂ ಇದ್ದರು, ಒಂದು ವಾರ ಅಲ್ಲಿ, ಒಂದು ವಾರ ಇಲ್ಲಿ. ಅವರನ್ನು ಹಗುರವಾಗಿ ಕಾಣಲು ನಮಗೆ ಮನಸ್ಸಿಲ್ಲ.

ಉಳಿದವರಿಗೆ ಏನಾಯಿತು? ಮೈದಾನ ತುಂಬಿಯೇ ಇತ್ತು. 2006ರಲ್ಲಿ ಅದನ್ನು 76,000 ಸೀಟಿಗೆ ದೊಡ್ಡದು ಮಾಡಿದರು, ಅದೂ ತುಂಬಿತು. ದರ ವರ್ಷವರ್ಷ ಏರಿತು. ಆಮೇಲೆ ಸೀಸನ್ ಟಿಕೆಟ್ ಇದ್ದವರು ಕಪ್ ಪಂದ್ಯಗಳ ಟಿಕೆಟ್ಟನ್ನೂ ಕಡ್ಡಾಯವಾಗಿ ಕೊಳ್ಳಬೇಕೆಂಬ ನಿಯಮ ಬಂತು, ಬೇಕೋ ಬೇಡವೋ ಖಾತೆಯಿಂದ ದುಡ್ಡು ಕಟ್. 2010ರಲ್ಲಿ ಸಾಲ ತೀರಿಸಲು ಮತ್ತೆ 50 ಕೋಟಿ ಪೌಂಡಿನ ಬಾಂಡ್ ತಂದಾಗ ಮೈದಾನದ ಒಳಗಿದ್ದವರೇ ಸಿಡಿದರು. ನ್ಯೂಟನ್ ಹೀತ್ ಕಾರ್ಮಿಕರ ಹಳೆಯ ಹಸಿರು-ಹಳದಿ ಶಾಲು ಹೊದ್ದು ಬಂದರು. ಆ ಮಾರ್ಚ್‌ನಲ್ಲಿ ಎದುರಾಳಿ ಎಸಿ ಮಿಲಾನ್ ಪರ ಆಡಲು ಬಂದಿದ್ದ ಡೇವಿಡ್ ಬೆಕಮ್ ಕೂಡ ಪಂದ್ಯ ಮುಗಿದ ಮೇಲೆ ಆ ಶಾಲನ್ನು ಕೊರಳಿಗೆ ಹಾಕಿಕೊಂಡರು. ಫೋಟೋ ಜಗತ್ತೆಲ್ಲ ಓಡಾಡಿತು. ಮಾಲೀಕರು ಅಲ್ಲಾಡಲಿಲ್ಲ. ಶಾಲು ಹೊದ್ದವರೂ ಸೀಸನ್ ಟಿಕೆಟ್‌ಗೆ ದುಡ್ಡು ಕಟ್ಟಿಯೇ ಒಳಗೆ ಬಂದಿದ್ದರಲ್ಲ! ಬಡ್ಡಿ, ಶುಲ್ಕ, ಲಾಭಾಂಶ ಎಲ್ಲ ಸೇರಿ ಇಷ್ಟು ವರ್ಷಗಳಲ್ಲಿ ಕ್ಲಬ್ಬಿನಿಂದ ಹೊರಗೆ ಹೋದ ಹಣ ನೂರು ಕೋಟಿ ಪೌಂಡ್ ದಾಟಿದೆ ಎಂದು ಲೆಕ್ಕ ಹಾಕಿದವರು ಹೇಳುತ್ತಾರೆ.

ಸೀಟು ಬಿಡದೆಯೂ ಮಾಲೀಕರನ್ನು ಬಗ್ಗಿಸಿದ ಒಂದು ಪ್ರಸಂಗ ಇದೆ, ಅದು ಲಿವರ್‌ಪೂಲ್‌ನದ್ದು. 2016ರಲ್ಲಿ ಅಲ್ಲಿ ಅತಿ ದುಬಾರಿ ಟಿಕೆಟ್ಟನ್ನು 77 ಪೌಂಡ್ ಮಾಡುವುದಾಗಿ ಪ್ರಕಟಿಸಿದರು. ಫೆಬ್ರುವರಿ 6ರ ಪಂದ್ಯದಲ್ಲಿ ಸರಿಯಾಗಿ 77ನೇ ನಿಮಿಷಕ್ಕೆ ಸುಮಾರು ಹತ್ತು ಸಾವಿರ ಜನ ಎದ್ದು ಹೊರನಡೆದರು. ತಂಡ 2-0 ಮುಂದಿತ್ತು. ಜನ ಹೋದ ಮೇಲೆ ಎದುರಾಳಿ ಎರಡು ಗೋಲು ಹೊಡೆದು ಪಂದ್ಯ ಸಮ ಮಾಡಿಕೊಂಡಿತು. ನಾಲ್ಕೇ ದಿನದಲ್ಲಿ ಮಾಲೀಕರು ಕ್ಷಮೆ ಕೇಳಿ ದರ ಏರಿಕೆ ಹಿಂದೆಗೆದರು. ಇಲ್ಲಿ ಗೆದ್ದದ್ದು ಯಾಕೆ ಎಂದರೆ, ಎದ್ದು ಹೋಗುವುದರಲ್ಲಿ ಯಾರೂ ಸೀಟು ಕಳೆದುಕೊಳ್ಳುವ ಭಯ ಇರಲಿಲ್ಲ. ಪಕ್ಕದವನು ಎದ್ದನೋ ಇಲ್ಲವೋ ಕಣ್ಣೆದುರೇ ಕಾಣುತ್ತಿತ್ತು. ಮನೆಯಲ್ಲಿ ಒಬ್ಬನೇ ಕೂತು ನವೀಕರಣದ ಕಾಗದ ಹರಿಯುವುದಕ್ಕೂ ಇದಕ್ಕೂ ಅಷ್ಟೇ ವ್ಯತ್ಯಾಸ, ಆದರೆ ಬಹಳ ದೊಡ್ಡ ವ್ಯತ್ಯಾಸ.

ಎಫ್‌ಸಿ ಯುನೈಟೆಡ್ ಮುಂದೆ ಏನಾಯಿತೆಂದು ಕೇಳುತ್ತೀರಿ. 2010ರ ನವೆಂಬರ್‌ನಲ್ಲಿ ಎಫ್‌ಎ ಕಪ್‌ನಲ್ಲಿ ತಮಗಿಂತ ಬಹಳ ಮೇಲಿನ ದರ್ಜೆಯ ತಂಡವನ್ನು 3-2ರಿಂದ ಸೋಲಿಸಿದರು. ಯಾವ ಊರಿನ ತಂಡ ಗೊತ್ತೇ? ರಾಚ್‌ಡೇಲ್! ಸದಸ್ಯರಿಂದ ಸಮುದಾಯ ಷೇರು ಎತ್ತಿ ಮಾಸ್ಟನ್‌ನಲ್ಲಿ ಸ್ವಂತ ಮೈದಾನ ಕಟ್ಟಿದರು, 2015ರ ಮೇ 29ರಂದು ಅದು ತೆರೆಯಿತು. ನ್ಯೂಟನ್ ಹೀತ್ ಪಕ್ಕದಲ್ಲೇ ಇದೆ. ಆಮೇಲೆ ಸಂಘಗಳಲ್ಲಿ ಆಗುವುದೆಲ್ಲ ಆಯಿತು. ಒಳಜಗಳ, ಆಡಳಿತ ಮಂಡಳಿಯವರ ರಾಜೀನಾಮೆ, 2019ರಲ್ಲಿ ಕೆಳದರ್ಜೆಗೆ ಇಳಿತ. ಹಾಲಿನ ಡೇರಿ ಚುನಾವಣೆ ನೋಡಿದವರಿಗೆ ಆಶ್ಚರ್ಯವಿಲ್ಲ. ಆದರೆ ಕ್ಲಬ್ ಮುಚ್ಚಲಿಲ್ಲ. ಅವರಿಗೆ ಮೈದಾನ ಬಾಡಿಗೆಗೆ ಕೊಟ್ಟಿದ್ದ ಬೆರಿ ಕ್ಲಬ್, 1885ರಷ್ಟು ಹಳೆಯದು, ಒಬ್ಬ ಮಾಲೀಕನ ಕೈಯಲ್ಲಿ ಹಣಕಾಸು ಕೆಟ್ಟು 2019ರ ಆಗಸ್ಟ್‌ನಲ್ಲಿ ಲೀಗ್‌ನಿಂದಲೇ ಹೊರಬಿತ್ತು. ಅಲ್ಲಿನ ಅಭಿಮಾನಿಗಳಿಗೆ ಟಿಕೆಟ್ ನವೀಕರಿಸಬೇಕೋ ಬೇಡವೋ ಎಂಬ ಪ್ರಶ್ನೆಯೇ ಉಳಿಯಲಿಲ್ಲ. ನಾಲ್ಕು ವರ್ಷದ ನಂತರ, ಅಭಿಮಾನಿಗಳೇ ಓಡಾಡಿ ಗಿಗ್ ಲೇನ್‌ನಲ್ಲಿ ಮತ್ತೆ ಆಟ ಶುರುಮಾಡಿದರು.

ಓಲ್ಡ್ ಟ್ರಾಫರ್ಡ್‌ನಲ್ಲಿ 2024ರಲ್ಲಿ ಇನ್ನೊಬ್ಬ ಶ್ರೀಮಂತ ಜಿಮ್ ರ್‍ಯಾಟ್‌ಕ್ಲಿಫ್ ಕಾಲು ಭಾಗಕ್ಕಿಂತ ಹೆಚ್ಚು ಷೇರು ಕೊಂಡರು. ಅದೇ ವರ್ಷದ ಕೊನೆಗೆ, ಸೀಸನ್ ನಡುವೆಯೇ, ಉಳಿದಿದ್ದ ಬಿಡಿ ಟಿಕೆಟ್‌ಗಳಿಗೆ 66 ಪೌಂಡ್ ದರ ಮಾಡಿದರು. ಮಕ್ಕಳಿಗೂ, ವಯಸ್ಸಾದವರಿಗೂ ರಿಯಾಯಿತಿ ಇಲ್ಲ. 2005ರಲ್ಲಿ ಅಪ್ಪನ ಜೊತೆ ಉಳಿದ ಹುಡುಗ ಈಗ ತಾನೇ ಅಪ್ಪನಾಗಿರುತ್ತಾನೆ. ನವೀಕರಣದ ಕಾಗದ ಈಗ ಇಮೇಲ್‌ನಲ್ಲಿ ಬರುತ್ತದೆ, ಕೊನೆಯ ತಾರೀಖು ಈಗಲೂ ಇರುತ್ತದೆ.